ಕಚೇರಿಗೂ ಮದುವೆಗೂ ಒಂದೇ ಜೋಡು

ಕಾಲಿಗೆ ಮೆಟ್ಟುವ ವಸ್ತುವಿಗೆ ಕನ್ನಡದಲ್ಲಿರುವಷ್ಟು ಹೆಸರುಗಳು ತಲೆಗೆ ಸುತ್ತುವ ವಸ್ತುವಿಗೆ ಇಲ್ಲ. ಕೆರ, ಮೆಟ್ಟು, ಜೋಡು, ಎಕ್ಕಡ, ಚಡಾವು, ಹಾವುಗೆ, ಚಮ್ಮಾವುಗೆ, ಪಾಪೋಸು, ಚಪ್ಪಲಿ, ಬೂಟು - ಒಂದೊಂದೂ ಒಂದೊಂದು ಕಾಲದ ಧೂಳನ್ನು ಹೊತ್ತು ಬಂದಿದೆ. ಇವುಗಳಲ್ಲಿ ‘ಕೆರ’ ಬಹು ಹಳೆಯದು. ಹಳಗನ್ನಡದ ‘ಕೆರ್ಪು’ ತಮಿಳಿನ ‘ಚೆರುಪ್ಪು’ವಿನ ಒಡಹುಟ್ಟು, ಮೊದಲಿನ ಕಕಾರವನ್ನು ನಾವು ಉಳಿಸಿಕೊಂಡೆವು, ಅವರು ಚಕಾರ ಮಾಡಿಕೊಂಡರು. ಸಂಸ್ಕೃತದ ಪಾದುಕೆ ನಮ್ಮ ಬಾಯಲ್ಲಿ ಹಾವುಗೆಯಾಯಿತು. ಅದನ್ನು ಚರ್ಮದಿಂದ ಮಾಡಿದಾಗ ಚಮ್ಮಾವುಗೆಯಾಯಿತು. ಪಾಪೋಸು ಪಾರಸಿಯದು: ‘ಪಾ’ ಎಂದರೆ ಪಾದ, ‘ಪೋಷ್’ ಎಂದರೆ ಮುಚ್ಚುವಂಥದು. ಅಮೆರಿಕ ಖಂಡದಿಂದ ಬಂದು ನಮ್ಮ ಬೇಲಿಗಳಲ್ಲಿ ಬೆಳೆದ ಕಳ್ಳಿಯ ಚಪ್ಪಟೆ ಹಾಳೆ ಜೋಡಿನ ಅಟ್ಟೆಯಂತೆ ಕಂಡದ್ದರಿಂದ ಜನ ಅದನ್ನು ಪಾಪಾಸುಕಳ್ಳಿ ಎಂದರು. ಅಮೆರಿಕದ ಗಿಡಕ್ಕೆ ಪಾರಸಿಯ ಜೋಡಿನ ಹೆಸರಿಟ್ಟು ಅದನ್ನು ಅಚ್ಚಗನ್ನಡವೆಂದು ನಂಬಿರುವ ನಮ್ಮ ಭಾಷೆಯ ಜೀರ್ಣಶಕ್ತಿ ದೊಡ್ಡದು.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಪ್ರಶ್ನೆ ಕಾರಣ. ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಯುವಕನೊಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ದೊರೆಯಿತು. ಊರು ಬಿಡುವ ಮೊದಲು ಅವನು ಕೇಳಿದ: “ಮೇಷ್ಟ್ರೆ, ದಿನಾ ಕಚೇರಿಗೂ ಆಗಬೇಕು, ಆರತಕ್ಷತೆಗೆ ಕೋಟು ಹಾಕಿದರೆ ಅದಕ್ಕೂ ಒಪ್ಪಬೇಕು. ಕೈಯಲ್ಲಿರುವ ದುಡ್ಡಿಗೆ ಒಂದೇ ಜೋಡು ಬರುತ್ತದೆ. ಯಾವುದು ತಗೊಳ್ಳಲಿ?” ಅಂಗಡಿಯವನು ಹೇಳಬೇಕಾದ ಉತ್ತರವನ್ನು ಇತಿಹಾಸದ ಮೇಷ್ಟರಲ್ಲಿ ಕೇಳಿದರೆ ಅದು ಹನ್ನೆರಡನೆಯ ಶತಮಾನದಿಂದಲೇ ಆರಂಭವಾಗುತ್ತದೆ. ಕೇಳುಗರು ಕ್ಷಮಿಸಬೇಕು.

ಹನ್ನೆರಡನೆಯ ಶತಮಾನ ಅಂಜನಾಪುರಕ್ಕೆ ದೂರದ್ದೇನಲ್ಲ. ಕುಮುದ್ವತಿಗೆ ಕಟ್ಟಿದ ಜಲಾಶಯದ ಏರಿಯ ಮೇಲೆ ನಿಂತರೆ ಸುತ್ತಲೂ ಕಾಣುವ ಸೀಮೆ ಅಲ್ಲಮಪ್ರಭುವಿನ ಬಳ್ಳಿಗಾವಿಯ ಸೀಮೆ, ಅಕ್ಕಮಹಾದೇವಿಯ ಉಡುತಡಿಯ ಸೀಮೆ. ಈ ಇಬ್ಬರೂ ಹುಟ್ಟಿದ ಊರನ್ನು ಬಿಟ್ಟು ನಡೆದು ಹೋದವರು; ಅವರು ಸೇರಿದ ಕಲ್ಯಾಣದಲ್ಲಿ ಕಾಲಿನ ಕಸುಬಿನವರು ಅನುಭವಮಂಟಪದ ಸಮಾನ ಸದಸ್ಯರಾಗಿದ್ದರು. ಮಾದಾರ ಧೂಳಯ್ಯ ಜೋಡು ಹೊಲಿಯುತ್ತಿದ್ದವನು, ಡೋಹರ ಕಕ್ಕಯ್ಯ ತೊಗಲು ಹದ ಮಾಡುತ್ತಿದ್ದವನು, ಸಮಗಾರ ಹರಳಯ್ಯನ ಕಥೆಯಂತೂ ಎಲ್ಲರಿಗೂ ಗೊತ್ತು. ಹರಳಯ್ಯ ಒಮ್ಮೆ ಶರಣೆಂದಾಗ ಬಸವಣ್ಣನವರು ಮರುನುಡಿಯಾಗಿ ‘ಶರಣು ಶರಣಾರ್ಥಿ’ ಎಂದು ಎರಡು ಬಾರಿ ವಂದಿಸಿದರು. ಹೆಚ್ಚಾಗಿ ಬಂದ ಆ ಒಂದು ವಂದನೆಯ ಋಣವನ್ನು ತೀರಿಸಲು ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಹೊಲಿದು ತಂದರು. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂದು ಪುರಾಣ ಹೇಳುತ್ತದೆ.

ಈ ಕಥೆಯನ್ನು ಭಕ್ತಿಯ ಪರಾಕಾಷ್ಠೆಯೆಂದು ವಿವರಿಸುವುದು ರೂಢಿ. ನನಗೆ ಅದರಲ್ಲಿ ಕಸುಬಿನವನ ಲೆಕ್ಕಾಚಾರವೂ ಕಾಣುತ್ತದೆ. ಊರಿನವರೆಲ್ಲ ಮೆಟ್ಟಿ ನಡೆಯುವ ವಸ್ತುವನ್ನು ಮಾಡುವವನು ತಾನು. ತನಗೆ ಯಾರೂ ವಂದಿಸುವುದಿಲ್ಲ. ವಂದಿಸಿದ ಒಬ್ಬನಿಗೆ ಕೊಡಲು ತನ್ನ ಬಳಿ ಇರುವುದು ಆ ವಸ್ತುವೇ. ಮುಂದೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನ ರಾಜ್ಯ ಅದನ್ನು ಸಹಿಸಲಿಲ್ಲ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. 1167ರ ಸುಮಾರಿಗೆ ಕಲ್ಯಾಣವೇ ಚದುರಿಹೋಯಿತು. ಯಾವ ಜೋಡು ಯಾವ ಮದುವೆಗೆ ಸಲ್ಲುತ್ತದೆ ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ತಲೆ ಕೊಟ್ಟವರಿದ್ದಾರೆ.

ಕಾಲನ್ನು ಪೂರ್ತಿ ಮುಚ್ಚುವ ಜೋಡು ನಮ್ಮ ಹವೆಗೆ ಹುಟ್ಟಿದ್ದಲ್ಲ. ಉತ್ತರ ಭಾರತದ ಸೂರ್ಯನ ವಿಗ್ರಹಗಳನ್ನು ನೋಡಿ, ಮೊಣಕಾಲಿನ ತನಕ ಬೂಟುಗಳಿರುತ್ತವೆ. ಶಿಲ್ಪಶಾಸ್ತ್ರ ಅದನ್ನು ಉದೀಚ್ಯವೇಷ, ಅಂದರೆ ಉತ್ತರದವರ ಉಡುಗೆ ಎನ್ನುತ್ತದೆ. ದಕ್ಷಿಣಕ್ಕೆ ಬಂದ ಸೂರ್ಯ ಬೂಟು ಕಳಚಿ ಬರಿಗಾಲಿನಲ್ಲಿ ನಿಲ್ಲುತ್ತಾನೆ. ದೇವರಿಗೇ ಸೆಕೆಯಾಗಿರಬೇಕು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಇಲ್ಲಿನ ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರಿಗಾಲಿನವರೆಂದೇ ಬರೆದಿದ್ದಾನೆ. ಮೆಟ್ಟುವವರಲ್ಲಿ ಎರಡು ಬಗೆಯನ್ನು ಅವನು ಗುರುತಿಸಿದ: ಮೊನೆ ಚೂಪಾದ ಜೋಡು ಒಂದು, ಬರಿಯ ಅಟ್ಟೆಗೆ ಬಾರು ಕಟ್ಟಿದ್ದು ಇನ್ನೊಂದು. ಎರಡನೆಯದನ್ನು ನೋಡಿ ಅವನಿಗೆ ಪುರಾತನ ರೋಮನರ ನೆನಪಾಯಿತಂತೆ. ನಮ್ಮವರಿಗೆ ಇಂದಿಗೂ ಅದು ಚಪ್ಪಲಿ.

ನಮ್ಮಲ್ಲಿ ಗೌರವವೆಂದರೆ ಕಳಚುವುದು. ದೇವಸ್ಥಾನ, ಮಠ, ಅಡುಗೆಮನೆ, ಹಿರಿಯರ ಸನ್ನಿಧಿ - ಎಲ್ಲ ಕಡೆಯೂ ಹೊಸ್ತಿಲಿನ ಹೊರಗೇ ಜೋಡು ಉಳಿಯಬೇಕು. ಯೂರೋಪಿನವನು ಕಳಚುವುದು ಟೋಪಿಯನ್ನು. ಬೂಟು ಕಳಚಿ ಬರಿಗಾಲಿನಲ್ಲಿ ನಿಲ್ಲುವುದು ಅವನ ಪಾಲಿಗೆ ಅರೆನಗ್ನತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ಮರ್ಯಾದೆಗಳು ಸರಕಾರಿ ಕಚೇರಿಯ ಹೊಸ್ತಿಲಿನಲ್ಲಿ ಡಿಕ್ಕಿ ಹೊಡೆದವು. ಆರಂಭದಲ್ಲಿ ಇಂಗ್ಲಿಷ್ ಅಧಿಕಾರಿಗಳೇ ದೇಶೀಯ ರಾಜರ ಆಸ್ಥಾನದಲ್ಲಿ ಬೂಟು ಕಳಚುವುದುಂಟು. ಅಧಿಕಾರ ಗಟ್ಟಿಯಾದಂತೆ ನಿಯಮ ತಿರುಗಿ ನಿಂತಿತು: ಭಾರತೀಯನು ಸರಕಾರಿ ಕಚೇರಿಗೆ ಬಂದರೆ ಜೋಡು ಬಿಟ್ಟು ಬರಬೇಕು. ಡಾಲ್‌ಹೌಸಿಯ ಆಡಳಿತದಲ್ಲಿ ಈ ‘ಜೋಡಿನ ಮರ್ಯಾದೆ’ ಬಿಗಿಯಾಯಿತು. ಆದರೆ ಐರೋಪ್ಯ ಉಡುಗೆ ತೊಟ್ಟ ಭಾರತೀಯನಿಗೆ ವಿನಾಯಿತಿ ಇತ್ತು.

1862ರಲ್ಲಿ ಸೂರತ್ತಿನ ನ್ಯಾಯಾಲಯದಲ್ಲಿ ಅಸೆಸರ್ ಆಗಿದ್ದ ಮಾಣಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರಸಿ ಗೃಹಸ್ಥ ಜೋಡು ಬಿಡಲು ಒಪ್ಪಲಿಲ್ಲ. ಮೇಲಿನವರಿಗೆ ಗೌರವ ತೋರುವ ನಿಮ್ಮ ದೇಶದ ಪದ್ಧತಿಯೇ ಇದು ಎಂಬುದು ನ್ಯಾಯಾಧೀಶರ ವಾದ. ಅವನನ್ನು ಒಳಗೆ ಬಿಡಲಿಲ್ಲ. ಅವನು ಮುಂಬಯಿ ಗವರ್ನರಿಗೆ ಪ್ರತಿಭಟನೆಯ ಪತ್ರ ಬರೆದ. ಈ ಬಗೆಯ ವಿವಾದಗಳಲ್ಲಿ ನಮ್ಮವರು ಮುಂದಿಟ್ಟ ತರ್ಕ ಸೊಗಸಾದುದು: ಮನೆಯಲ್ಲಿ ಜೋಡು ಬಿಡುವುದು ಬೀದಿಯ ಕೊಳೆ ಒಳಗೆ ಬಾರದಿರಲಿ ಎಂದು, ದೇಗುಲದಲ್ಲಿ ಬಿಡುವುದು ಚರ್ಮ ಮೈಲಿಗೆಯೆಂದು, ನ್ಯಾಯಾಲಯ ಮನೆಯೂ ಅಲ್ಲ, ದೇಗುಲವೂ ಅಲ್ಲ. ಈ ಉತ್ತರದ ಹಿಂದೆ ದೊಡ್ಡ ಬದಲಾವಣೆಯೊಂದಿದೆ. ಸಾರ್ವಜನಿಕ ಸ್ಥಳ ಎಂಬ ಹೊಸ ಕಲ್ಪನೆ ನಮ್ಮಲ್ಲಿ ಹೆಜ್ಜೆಯಿಟ್ಟದ್ದು ಜೋಡು ಮೆಟ್ಟಿಕೊಂಡೇ.

ಮೈಸೂರು ಸಂಸ್ಥಾನದ ಕಥೆ ಬೇರೆ. ಇಲ್ಲಿ ಜಗಳ ಜೋಡಿಗಿಂತ ಕುರ್ಚಿಯ ಸುತ್ತ ನಡೆಯಿತು. ಎರಡೂ ಒಂದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಷರಾಯಿ ಬೂಟು ತೊಟ್ಟವನು ಚಕ್ಕಳಬಕ್ಕಳ ಹಾಕಿ ಕೂರಲಾರ. ಬೂಟು ಬಂದಲ್ಲಿಗೆ ಕುರ್ಚಿಯೂ ಬರಲೇಬೇಕು. 1910ರ ದಸರಾ ದರ್ಬಾರಿನಲ್ಲಿ ಐರೋಪ್ಯರಿಗೆ ಕುರ್ಚಿ, ದೇಶೀಯ ಅಧಿಕಾರಿಗಳಿಗೆ ನೆಲ ಎಂಬ ಏರ್ಪಾಡನ್ನು ಮುಖ್ಯ ಎಂಜಿನಿಯರ್ ವಿಶ್ವೇಶ್ವರಯ್ಯನವರು ಕಂಡರು. ಮರುವರ್ಷ ಆಹ್ವಾನ ಬಂದರೂ ಅವರು ಹೋಗಲಿಲ್ಲ; ಕಾರಣವನ್ನು ತಿಳಿಸಿದರು. ಆ ಬಳಿಕ ಎಲ್ಲ ಅಧಿಕಾರಿಗಳಿಗೂ ಕುರ್ಚಿ ಬಂದಿತು. ಗದ್ದಲವಿಲ್ಲದೆ ಗೆದ್ದ ಇಂಥ ಯುದ್ಧಗಳು ಮೈಸೂರಿನ ಸ್ವಭಾವಕ್ಕೆ ಒಪ್ಪುವಂಥವು.

ಆ ಕಾಲದ ಅಮಲ್ದಾರ, ಶೇಕದಾರ, ಹೈಸ್ಕೂಲು ಮೇಷ್ಟರು, ವಕೀಲರು - ಇವರೆಲ್ಲರ ಇಕ್ಕಟ್ಟನ್ನು ಸ್ವಲ್ಪ ಯೋಚಿಸಿ. ಕಚೇರಿಯಲ್ಲಿ ಜೋಡು ಇರಬೇಕು. ಮನೆಗೆ ಬಂದರೆ ಬಾಗಿಲಲ್ಲಿ ಬಿಡಬೇಕು. ದಾರಿಯಲ್ಲಿ ಗುಡಿ ಸಿಕ್ಕರೆ ಬಿಡಬೇಕು. ಊಟದ ಪಂಕ್ತಿಗೆ ಬಿಡಬೇಕು. ದಿನಕ್ಕೆ ಹತ್ತು ಸಲ ಕಳಚಿ ಹತ್ತು ಸಲ ಮೆಟ್ಟುವವನು ದಾರ ಬಿಗಿಯುವ ಬೂಟನ್ನು ಹೇಗೆ ತಾಳಿಕೊಂಡಾನು? ಮೇಲೆ ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು, ಕೆಳಗೆ ಕಚ್ಚೆಪಂಚೆ. ಇದಕ್ಕೆ ಒಪ್ಪಿದ್ದು ಪಂಪ್ ಷೂ. ಯೂರೋಪಿನಲ್ಲಿ ಅದು ಸಂಜೆಯ ಸಂಗೀತಕೂಟಕ್ಕೆ, ನೃತ್ಯಕ್ಕೆ ಹಾಕುವ ತೆಳು ಅಟ್ಟೆಯ, ದಾರವಿಲ್ಲದ, ಕುತ್ತಿಗೆ ತಗ್ಗಿದ ಜೋಡು. ಕುಣಿಯಲೆಂದು ಮಾಡಿದ್ದನ್ನು ನಮ್ಮ ಹಿರಿಯರು ಕಂದಾಯ ವಸೂಲಿಗೆ ಮೆಟ್ಟಿಕೊಂಡು ಹೋದರು. ಸಾಹೇಬನ ಕಣ್ಣಿಗೆ ಅದು ಷೂ, ಸೊಸೆಯ ಕಣ್ಣಿಗೆ ಬಾಗಿಲಲ್ಲಿ ಒಂದೇ ಒದೆತಕ್ಕೆ ಕಳಚುವ ಮೆಟ್ಟು. ಕಚೇರಿಗೂ ಮದುವೆಗೂ ಸಲ್ಲುವ ಒಂದೇ ಜೋಡು ಎಂಬ ಪ್ರಶ್ನೆಗೆ ಕನ್ನಡ ನಾಡು ಕೊಟ್ಟ ಮೊದಲ ಸಮಾಧಾನಕರ ಉತ್ತರ ಇದೇ ಎಂದು ನಾನು ತಿಳಿದಿದ್ದೇನೆ.

ಈ ಉತ್ತರ ಎಲ್ಲರಿಗೂ ಸಿಕ್ಕಿದ್ದಲ್ಲ. ಜೋಡು ಹೊಲಿಯುವವನಿಗೆ ಜೋಡು ಮೆಟ್ಟುವ ಹಕ್ಕಿರಲಿಲ್ಲ ಎಂಬುದು ನಮ್ಮ ಇತಿಹಾಸದ ಕಹಿಯಾದ ವಾಕ್ಯ. ಮೇಲುಜಾತಿಯವರ ಕೇರಿಯನ್ನು ದಾಟುವಾಗ ಜೋಡನ್ನು ಕೈಯಲ್ಲಿ ಹಿಡಿದು, ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕಾದ ದಲಿತರ ಅನುಭವ ನಮ್ಮ ಅನೇಕ ಹಳ್ಳಿಗಳದು. ಸಾಹೇಬನು ವಕೀಲನಿಗೆ ಹೇಳಿದ್ದನ್ನು ವಕೀಲನ ಕೇರಿ ಸಮಗಾರನಿಗೆ ಅದಕ್ಕಿಂತ ಎಷ್ಟೋ ಹಿಂದಿನಿಂದ ಹೇಳುತ್ತ ಬಂದಿತ್ತು. ಅಂಬೇಡ್ಕರರ ಚಿತ್ರಗಳಲ್ಲೂ ಪ್ರತಿಮೆಗಳಲ್ಲೂ ಸೂಟಿನ ಕೆಳಗೆ ಹೊಳಪಿನ ಬೂಟು ಇರುವುದನ್ನು ಕೆಲವರು ಪರದೇಶಿ ವ್ಯಾಮೋಹವೆಂದು ಆಡಿಕೊಂಡದ್ದುಂಟು. ಆಡಿಕೊಂಡವರು ಒಂದು ದಿನವೂ ಜೋಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದವರಲ್ಲ. ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿ, 1955ರಲ್ಲಿ ಅದಕ್ಕೊಂದು ದಂಡನೆಯ ಕಾಯಿದೆ ಬಂದ ಮೇಲೂ ಈ ಪಿಡುಗು ತೊಲಗಲಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆಯ ಮೆರವಣಿಗೆ ಹೊರಡುವುದನ್ನು ತಡೆದರೆ ಅದು ಅಪರಾಧವೆಂದು ಸ್ಪಷ್ಟವಾಗಿ ಬರೆಯಬೇಕಾಯಿತು. ಹರಳಯ್ಯನ ಬಳಿಕ ಎಂಟೂವರೆ ಶತಮಾನ ಕಳೆದರೂ ಜೋಡು ಮತ್ತು ಮದುವೆ ಒಂದೇ ಕಲಮಿನಲ್ಲಿ ಕೂಡಿಬಂದವು.

ಇನ್ನು ಜೋಡು ಅಗ್ಗವಾದದ್ದು ಹೇಗೆ? ಮೊದಲು ಚರ್ಮ. ನಮ್ಮ ಡೋಹರರು ತೊಗಲನ್ನು ಹದ ಮಾಡುತ್ತಿದ್ದುದು ಜಾಲಿಯ ತೊಗಟೆ, ತಂಗಡಿಯ ಚಕ್ಕೆ, ಅಳಲೆಕಾಯಿಗಳಿಂದ. ಶಿವಮೊಗ್ಗದ ಕಾಡುಗಳ ಕಿರು ಉತ್ಪನ್ನಗಳಲ್ಲಿ ಅಳಲೆಕಾಯಿಗೆ ಬೆಲೆ ಬಂದದ್ದು ಔಷಧಿಯಿಂದ ಮಾತ್ರವಲ್ಲ, ತೊಗಲಿನ ತೊಟ್ಟಿಯಿಂದಲೂ ಹೌದು. ಈ ಹದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಮೆರಿಕದಲ್ಲಿ 1884ರಲ್ಲಿ ಹಕ್ಕುಪತ್ರ ಪಡೆದ ಕ್ರೋಮ್ ಹದ ಅದನ್ನು ದಿನಗಳಿಗೆ ಇಳಿಸಿತು. ಅದನ್ನು ದಕ್ಷಿಣ ಭಾರತಕ್ಕೆ, ಮದರಾಸಿಗೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ತಂದ ಆಲ್‌ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕನಾಗಿಯೂ ಕೆಲಸ ಮಾಡಿದ.

ಆಮೇಲೆ ಯಂತ್ರ. ಜೋಡಿನ ಕೆಲಸದಲ್ಲಿ ಕಠಿಣವಾದದ್ದು ಮೇಲಿನ ಚರ್ಮವನ್ನು ಮರದ ಅಚ್ಚಿನ ಮೇಲೆ ಎಳೆದು ಅಟ್ಟೆಗೆ ಕೂಡಿಸುವುದು. ಇದು ಕೈಯಿಂದಲ್ಲದೆ ಆಗದು ಎಂದು ಎಲ್ಲರೂ ನಂಬಿದ್ದರು. ಸುರಿನಾಮಿನಲ್ಲಿ ಹುಟ್ಟಿ ಅಮೆರಿಕದ ಲಿನ್ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಯಾನ್ ಮಾಟ್ಸೆಲಿಗರ್ ಎಂಬ ಕಪ್ಪುವರ್ಣದ ಯುವಕ 1883ರಲ್ಲಿ ಅದಕ್ಕೊಂದು ಯಂತ್ರ ಮಾಡಿದ. ನುರಿತ ಕೈ ದಿನಕ್ಕೆ ಐವತ್ತು ಜೊತೆ ಮಾಡುತ್ತಿದ್ದಲ್ಲಿ ಯಂತ್ರ ಏಳುನೂರರ ತನಕ ಮಾಡಬಲ್ಲುದಾಯಿತು. ಅವನು ಕ್ಷಯದಿಂದ 1889ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಜಗತ್ತಿನ ಕಾಲುಗಳಿಗೆ ಜೋಡು ತೊಡಿಸಿದವನ ಹೆಸರು ಜೋಡಿನ ಯಾವ ಪೆಟ್ಟಿಗೆಯ ಮೇಲೂ ಇಲ್ಲ. ಪೆಟ್ಟಿಗೆಯ ಮೇಲೆ ಹೆಸರು ಬಂದದ್ದು ಬಾಟಾನದು. ಚೆಕ್ ದೇಶದ ಜ್ಲಿನ್‌ನಲ್ಲಿ 1894ರಲ್ಲಿ ಹುಟ್ಟಿದ ಈ ಸಂಸ್ಥೆ 1931ರಲ್ಲಿ ಕಲ್ಕತ್ತೆಯ ಬಳಿ ನೆಲೆಯೂರಿತು. ತಾಲ್ಲೂಕು ಪಟ್ಟಣಗಳ ತನಕ ಅದರ ಜೋಡು ಬಂದಮೇಲೆ ಅಳತೆ ಕೊಟ್ಟು ಹೊಲಿಸುವ ಪದ್ಧತಿ ಕ್ಷೀಣಿಸಿತು. ರಂಪಿಗೆ ಆರೆ ಹಿಡಿದ ಕೈ ಹೊಸ ಜೋಡನ್ನು ಬಿಟ್ಟು ಹಳೆಯದರ ರಿಪೇರಿಗೆ ಇಳಿಯಿತು. ಕರ್ನಾಟಕ ಸರಕಾರ 1976ರಲ್ಲಿ ಲಿಡ್ಕರ್ ನಿಗಮವನ್ನು ಸ್ಥಾಪಿಸಿದ್ದು ಈ ಕೈಗಳಿಗಾಗಿಯೇ.

ಅಥಣಿ, ನಿಪ್ಪಾಣಿಗಳ ಕುಶಲಿಗಳ ಮಾತನ್ನೂ ಇಲ್ಲಿ ಆಡಬೇಕು. ಕೊಲ್ಹಾಪುರಿ ಎಂಬ ಹೆಸರಿನ ಚಪ್ಪಲಿ ಅಲ್ಲಿಯೂ ಹುಟ್ಟುತ್ತದೆ. 2019ರಲ್ಲಿ ದೊರೆತ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಸಲ್ಲುತ್ತದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಅದರಂತೆಯೇ ಇದ್ದ ಚಪ್ಪಲಿಯನ್ನು ಮಿಲಾನಿನಲ್ಲಿ ಪ್ರದರ್ಶಿಸಿ, ಮೂಲವನ್ನು ಹೇಳದೆ ಟೀಕೆಗೆ ಗುರಿಯಾಯಿತು. ಆಮೇಲೆ ಭಾರತದ ಕುಶಲಕಲೆಯ ಪ್ರೇರಣೆಯನ್ನು ಒಪ್ಪಿಕೊಂಡಿತು. ಪಂಚೆ ಉಟ್ಟು ಮದುವೆಗೆ ಹೋಗುವವನಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಷರಾಯಿ ತೊಟ್ಟು ಕಚೇರಿಗೆ ಹೋಗುವವನಿಗೆ ಮಾತ್ರ ಅದು ಎಲ್ಲ ಕಡೆಯೂ ನಡೆಯದು.

ಅಂಜನಾಪುರದ ಹುಡುಗನಿಗೆ ಉತ್ತರ ಕೊಡಬೇಕಾದರೆ ಎರಡು ಹೆಸರುಗಳನ್ನು ತಿಳಿದಿರಬೇಕು. ದಾರ ಪೋಣಿಸುವ ಎರಡು ರೆಕ್ಕೆಗಳು ಮುಂಭಾಗದ ಚರ್ಮದ ಅಡಿಗೆ ಹೊಲಿದು ಮುಚ್ಚಿಕೊಂಡಿದ್ದರೆ ಅದು ಆಕ್ಸ್‌ಫರ್ಡ್. ಮೇಲೆ ಹೊಲಿದು ಬಿಡಿಯಾಗಿ ತೆರೆದುಕೊಳ್ಳುವಂತಿದ್ದರೆ ಡರ್ಬಿ. ಮೊದಲನೆಯದು ಸಮಾರಂಭದ್ದು, ಸ್ವಲ್ಪ ಗರ್ವಿ. ಎರಡನೆಯದರ ಹತ್ತಿರದ ನೆಂಟನಿಗೆ ಬ್ಲೂಷರ್ ಎಂದು ಹೆಸರು. ವಾಟರ್ಲೂ ಯುದ್ಧದ ಪ್ರಷ್ಯನ್ ಸೇನಾನಿ ಬ್ಲೂಷರ್ ತನ್ನ ಸೈನಿಕರು ಬೇಗ ತೊಟ್ಟು ಬೇಗ ಬಿಚ್ಚಲೆಂದು ಆ ಮಾದರಿಯನ್ನು ಮಾಡಿಸಿದನೆಂದು ಪ್ರತೀತಿ. ದಾರವೇ ಇಲ್ಲದ ಲೋಫರ್ ನಾರ್ವೆಯ ಹಳ್ಳಿಗರ ಜೋಡು. 1936ರಲ್ಲಿ ಅಮೆರಿಕದ ಬಾಸ್ ಸಂಸ್ಥೆಯ ಮೂಲಕ ಪೇಟೆಗೆ ಬಂದಿತು. ನಮ್ಮ ಪಂಪ್ ಷೂವಿನ ಜಾಗದಲ್ಲಿ ಈಗ ಕುಳಿತಿರುವುದು ಅದೇ.

ಬೆಂಗಳೂರಿನ ಕಚೇರಿಗಳ ನಿಯಮವೂ ಬದಲಾಗಿದೆ. ಸೂಟಿಗೂ ಮನೆಯುಡುಗೆಗೂ ನಡುವಿನ ಉಡುಪನ್ನು ಜಗತ್ತಿಗೆ ಕಲಿಸಿದ್ದು ಬಟ್ಟೆಯ ವ್ಯಾಪಾರಿಗಳೇ: ಅಮೆರಿಕದ ಲೆವೈ ಸ್ಟ್ರಾಸ್ 1992ರಲ್ಲಿ ಈ ಕುರಿತು ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿ 25,000 ಮಂದಿ ಸಿಬ್ಬಂದಿ ಅಧಿಕಾರಿಗಳಿಗೆ ಕಳುಹಿಸಿತು. ಇನ್‌ಫೋಸಿಸ್ ತನ್ನ ಉಡುಪಿನ ಕಟ್ಟಳೆಯನ್ನು 2015ರಲ್ಲಿ ಸಡಿಲಿಸಿತು. ಟೈ ಹೋಯಿತು, ಜೋಡಿನ ಮೇಲೆ ಕಣ್ಣು ಹೆಚ್ಚಾಯಿತು.

ಹಾಗಾದರೆ ಡರ್ಬಿ, ಗಾಢ ಕಂದು ಬಣ್ಣದ್ದು, ತೂತುಗಳ ಚಿತ್ತಾರವಿಲ್ಲದ್ದು, ಮೂತಿ ದುಂಡಗಿದ್ದದ್ದು. ಕಪ್ಪು ಬಣ್ಣ ವಕೀಲನಿಗೆ, ಸಮವಸ್ತ್ರದವನಿಗೆ ಸರಿ; ಕಂದು ನೀಲಿ ಕೋಟಿಗೂ ಬೂದು ಷರಾಯಿಗೂ ಖಾಕಿಗೂ ಹೊಂದುತ್ತದೆ. ಡರ್ಬಿಯನ್ನು ಹೇಳಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಪಾದ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿಯ ತನಕ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಐರೋಪ್ಯ, ಅಮೆರಿಕನ್ ಅಳತೆಗಳಿಗಿಂತ ಅಗಲವೆಂದು ಕಂಡುಕೊಂಡಿತು. ‘ಭ’ ಎಂಬ ಹೆಸರಿನ ಸ್ವದೇಶಿ ಅಳತೆಯನ್ನು ಶಿಫಾರಸು ಮಾಡಿತು. ಅಗಲ ಸಾಲದೆಂದು ನಮ್ಮವರು ಉದ್ದ ಹೆಚ್ಚಿರುವ ಜೋಡನ್ನು ಕೊಳ್ಳುತ್ತಾರೆ, ಹಿಮ್ಮಡಿ ಸಡಿಲಾಗಿ ಕಾಲು ಉಜ್ಜಿಕೊಂಡು ಬೊಬ್ಬೆ ಏಳುತ್ತದೆ. ತೆರೆದುಕೊಳ್ಳುವ ಡರ್ಬಿ ಅಗಲ ಪಾದವನ್ನು ಒಪ್ಪಿಕೊಳ್ಳುತ್ತದೆ. ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಕಚೇರಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು ಕೊಳ್ಳಬೇಕು. ಮನೆಮನೆ ಸುತ್ತಿ ಹತ್ತು ಹೊಸ್ತಿಲು ದಾಟುವ ಕೆಲಸದವನಾದರೆ ಮಾತ್ರ ಲೋಫರ್ ಆಗಲಿ ಎಂದೆ.

ಅಟ್ಟೆ ರಬ್ಬರಿನದಿರಲಿ. ಚರ್ಮದ ಅಟ್ಟೆ ಲಂಡನ್ನಿನ ಹಾಸುಗಲ್ಲಿಗೆ ಸೊಗಸು. ಹಬ್ಬಕ್ಕೆ ಊರಿಗೆ ಬಂದವನು ಶಿಕಾರಿಪುರದಲ್ಲಿ ಬಸ್ಸಿಳಿದು ಆಷಾಢದ ಕೆಸರಿನಲ್ಲಿ ಕಾಲಿಟ್ಟರೆ ಅದು ಒಂದೇ ದಿನಕ್ಕೆ ಹಪ್ಪಳ. ನೆನೆದ ಜೋಡಿಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿ ಆರಿಸಬೇಕು, ಒಲೆಯ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಟ್ಟೆಯನ್ನು ಅಂಟಿನಿಂದ ಮಾತ್ರ ಕೂಡಿಸಿದ್ದಾರೋ ಹೊಲಿದಿದ್ದಾರೋ ಎಂದು ಕೊಳ್ಳುವ ಮೊದಲೇ ಅಂಚನ್ನು ಬಗ್ಗಿಸಿ ನೋಡಬೇಕು. ಹೊಲಿದದ್ದಾದರೆ ಅದರ ಅಟ್ಟೆ ಸವೆದಾಗ ಬಸ್ ನಿಲ್ದಾಣದ ಬಳಿ ಕೊಡೆಯ ಕೆಳಗೆ ಕೂತಿರುವ ಸಮಗಾರನು ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿಕೊಡಬಲ್ಲ, ಮತ್ತೆ ಮೂರು ನಾಲ್ಕು ವರ್ಷ ಮೆಟ್ಟಬಹುದು.